ಅಂಗಡಿಕಾರನಿಗೆ ನಮ್ಮ ಜನ್ಮದಿನವೇಕೆ?

ಪರಿಚಯವಿಲ್ಲದ ಇಬ್ಬರ ನಡುವೆ ವ್ಯಾಪಾರ ನಡೆಯಬೇಕಾದರೆ ಒಬ್ಬರು ಮತ್ತೊಬ್ಬರ ವಿಷಯವಾಗಿ ಎಷ್ಟನ್ನು ತಿಳಿದಿರಬೇಕು? ಗದಗ-ಬೆಟಗೇರಿಯ ಪೇಟೆಯಲ್ಲಿ ರೊಕ್ಕ ಎಣಿಸಿ ಕೊಟ್ಟು ಒಂದು ಜೊತೆ ಬೂಟು ಕೊಳ್ಳುವವನ ಹೆಸರನ್ನು ಕೂಡ ಅಂಗಡಿಕಾರನು ಕೇಳಬೇಕಾದುದಿಲ್ಲ. ಅದೇ ಬೂಟನ್ನು ಮುಂಡರಗಿಯಲ್ಲಿಯೋ ಶಿರಹಟ್ಟಿಯಲ್ಲಿಯೋ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿಕೊಳ್ಳುವ ವಿದ್ಯಾರ್ಥಿಯು ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಕೊಡಬೇಕು. ಬೆಲೆಯನ್ನು ಕಂತಿನಲ್ಲಿ ಕೊಡುತ್ತೇನೆಂದರೆ ಜನ್ಮದಿನಾಂಕ, ಪ್ಯಾನ್ ಸಂಖ್ಯೆ, ತಂದೆತಾಯಿಗಳ ಉದ್ಯೋಗ, ವರಮಾನ, ಇವೆಲ್ಲವನ್ನು ಹೇಳಬೇಕಾದೀತು. ಬೂಟು ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಹೇಳಬೇಕಾದ ವಿವರಗಳು ಮಾತ್ರ ಹತ್ತು ಪಟ್ಟು.

ಇದು ಸರಿಯೆ? ಸರಿಯಾದರೆ ಎಷ್ಟರ ಮಟ್ಟಿಗೆ? ವ್ಯಾಪಾರವಾಗಲಿ ಕಾನೂನಾಗಲಿ ಭೌತವಿಜ್ಞಾನವನ್ನು ಬೋಧಿಸುವ ನಮ್ಮ ಕಸುಬಲ್ಲ. ಆದರೆ ಅಳೆಯುವುದು ನಮ್ಮ ಕಸುಬು. ಒಂದು ಕೆಲಸಕ್ಕೆ ಎಷ್ಟು ವಿವರ ಬೇಕು, ಕೇಳುವುದು ಎಷ್ಟು, ಕೊಟ್ಟ ವಿವರದಿಂದ ಏನೇನು ತಿಳಿದುಬರುತ್ತದೆ ಎಂಬುವನ್ನು ಅಳೆದು ನೋಡಲು ಬರುತ್ತದೆ. ಅಳೆದ ಮೇಲೆ ನಮಗೆ ತೋರುವುದನ್ನು ಮೊದಲೇ ಹೇಳಿಬಿಡುತ್ತೇವೆ: ಕೆಲಸಕ್ಕೆ ಬೇಕಾದಷ್ಟನ್ನು ಕೇಳುವುದು ವ್ಯಾಪಾರಿಯ ಹಕ್ಕು, ಅದಕ್ಕಿಂತ ಹೆಚ್ಚಿನದನ್ನು ಕೊಡದಿರುವುದು ಕೊಳ್ಳುವವನ ಹಕ್ಕು.

ಹೆಸರು, ಊರು, ಅಂಚೆ

ದೂರದ ಅಂಗಡಿಯಿಂದ ಸರಕು ತರಿಸುವ ಪದ್ಧತಿ ಮೊಬೈಲಿನೊಂದಿಗೆ ಹುಟ್ಟಿದುದಲ್ಲ. 1872ರಲ್ಲಿ ಅಮೇರಿಕದ ಷಿಕಾಗೊ ನಗರದ ಮಾಂಟ್‌ಗೊಮರಿ ವಾರ್ಡ್ ಎಂಬ ವರ್ತಕನು ಒಂದೇ ಹಾಳೆಯ ಬೆಲೆಪಟ್ಟಿಯನ್ನು ಅಚ್ಚು ಹಾಕಿಸಿ ಹಳ್ಳಿಯ ರೈತರಿಗೆ ಹಂಚಿದನು. ಪಟ್ಟಿಯನ್ನು ನೋಡಿ ಪತ್ರ ಬರೆದರೆ ಸರಕು ಮನೆಗೆ ಬರುತ್ತಿತ್ತು. ಸಚಿತ್ರ ಕ್ಯಾಟಲಾಗುಗಳ ದೊಡ್ಡ ವ್ಯಾಪಾರ ಬೆಳೆದುದು ಅಲ್ಲಿಂದ.

ಇಲ್ಲಿ ಒಂದು ತೊಡಕು ಉಂಟು. ಮೊದಲು ಹಣ ಕಳುಹಿಸಿದರೆ ಸರಕು ಬಂದೀತೋ ಇಲ್ಲವೋ ಎಂಬುದು ಕೊಳ್ಳುವವನ ಭಯ. ಮೊದಲು ಸರಕು ಕಳುಹಿಸಿದರೆ ಹಣ ಬಂದೀತೋ ಇಲ್ಲವೋ ಎಂಬುದು ಮಾರುವವನ ಭಯ. ಈ ತೊಡಕನ್ನು ನಮ್ಮ ದೇಶದ ಅಂಚೆ ಇಲಾಖೆಯು 1877ರಲ್ಲಿಯೇ ಬಿಡಿಸಿತು. ಆ ವರ್ಷ ಆರಂಭವಾದ ವಿ. ಪಿ. ಪದ್ಧತಿಯಲ್ಲಿ ಮಾರುವವನು ಕಟ್ಟನ್ನು ಅಂಚೆಗೆ ಒಪ್ಪಿಸುತ್ತಾನೆ. ಅಂಚೆಯವನು ಅದನ್ನು ಊರಿಗೆ ತಂದು, ಬೆಲೆಯನ್ನು ಕೈಯಲ್ಲಿ ಪಡೆದು, ಕಟ್ಟನ್ನು ಕೊಡುತ್ತಾನೆ. ಹಣವು ಮಾರುವವನಿಗೆ ತಿರುಗಿ ತಲುಪುತ್ತದೆ. ನಡುವೆ ಇಬ್ಬರೂ ನಂಬುವ ಮೂರನೆಯವನೊಬ್ಬನು ನಿಂತುದರಿಂದ, ಅವರು ಪರಸ್ಪರರ ನಡತೆಯನ್ನು ವಿಚಾರಿಸುವ ಅಗತ್ಯವೇ ಉಳಿಯಲಿಲ್ಲ. ಕೊಳ್ಳುವವನು ಕಟ್ಟನ್ನು ಬಿಡಿಸಿಕೊಳ್ಳದಿದ್ದರೆ ಮಾರುವವನಿಗೆ ಅಂಚೆಯ ಖರ್ಚು ನಷ್ಟ, ಅಷ್ಟೆ.

ಈ ಏರ್ಪಾಡಿಗೆ ಬೇಕಾದ ವಿವರಗಳೆಷ್ಟು? ಹೆಸರು, ಊರು, ತಾಲ್ಲೂಕು, ಅಂಚೆ. 1972ರ ಆಗಸ್ಟ್ 15ರಿಂದ ಇವುಗಳೊಡನೆ ಆರು ಅಂಕಿಗಳ ಪಿನ್ ಕೋಡ್ ಸೇರಿತು. ನಮ್ಮ ಭಾಗದ ಓದುಗರು ಅಂಚೆಯ ಮೂಲಕ ಪುಸ್ತಕ ತರಿಸಿಕೊಂಡುದು ಇಷ್ಟೇ ವಿವರಗಳ ಬಲದಿಂದ. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಕೂಡಿಸಿ ಕನ್ನಡ ಪುಸ್ತಕಗಳನ್ನು ಮನೆಮನೆಗೆ ಮುಟ್ಟಿಸಿತು. ಅದನ್ನು ಕಟ್ಟಿ ಬೆಳೆಸಿದ ಜಿ. ಬಿ. ಜೋಶಿಯವರು ಗದಗಿನ ಸಮೀಪದ ಹೊಂಬಳದವರು. ಕಾದಂಬರಿಯೊಂದನ್ನು ಕಳುಹಿಸಲು ಓದುಗನ ಜನ್ಮದಿನಾಂಕ ಬೇಕಾಗುವುದಿಲ್ಲ.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕಗಳ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯು 2010ರಲ್ಲಿ, ಸರಕು ಕೈಗೆ ಬಂದ ಮೇಲೆ ಹಣ ಕೊಡುವ ಸೌಕರ್ಯವನ್ನು ಕಲ್ಪಿಸಿತು. ಹೊಸದೆಂದು ಹೊಗಳಿಸಿಕೊಂಡ ಈ ಏರ್ಪಾಡಿನ ಒಳಗಿನ ತತ್ತ್ವ ವಿ. ಪಿ. ಪದ್ಧತಿಯದೇ. ಸರಕು ಮತ್ತು ಹಣ ಒಂದೇ ಗಳಿಗೆಯಲ್ಲಿ ಕೈ ಬದಲಾದರೆ, ಕೊಳ್ಳುವವನ ಚರಿತ್ರೆ ಮಾರುವವನಿಗೆ ಬೇಕಾಗುವುದಿಲ್ಲ.

ಉದ್ರಿಯ ಮಾತು ಬೇರೆ

ಸಾಲದ ಮಾತು ಹಾಗಲ್ಲ. ಸರಕು ಇಂದು, ಹಣ ಮುಂದೆ ಎಂದಾಗ ನಡುವೆ ಕಾಲ ಬಂದು ಸೇರುತ್ತದೆ. ಇಷ್ಟು ದಿನಗಳಲ್ಲಿ ಈತನು ಕೊಟ್ಟಾನೆಯೆ ಎಂದು ಕೊಡುವವನು ಊಹಿಸಬೇಕು, ಊಹೆಗೆ ಆಧಾರ ಬೇಕು. ಲಕ್ಷ್ಮೇಶ್ವರದ ಕಿರಾಣಿ ಅಂಗಡಿಯವನು ಉದ್ರಿ ಕೊಡುವಾಗ ಆಧಾರವು ಅವನ ಕಣ್ಣೆದುರಿಗೇ ಇರುತ್ತದೆ. ಗಿರಾಕಿಯ ಹೊಲವೆಲ್ಲಿ, ಈ ವರ್ಷದ ಮಳೆ ಹೇಗೆ, ಹೋದ ವರ್ಷದ ಬಾಕಿ ಎಷ್ಟು ಎಂಬುದೆಲ್ಲ ಅವನಿಗೆ ಗೊತ್ತು. ಗಿರಾಕಿಗೂ ಅಂಗಡಿಯವನ ತಕ್ಕಡಿ ಹೇಗೆ, ಖಾತೆ ಪುಸ್ತಕ ಹೇಗೆ ಎಂಬುದು ಗೊತ್ತು. ತಿಳಿವಳಿಕೆ ಎರಡೂ ಕಡೆಗೆ ಹರಿಯುತ್ತದೆ.

ಈ ತಿಳಿವಳಿಕೆಯನ್ನೇ ಒಂದು ಸಂಸ್ಥೆಯಾಗಿ ಕಟ್ಟಿದ ಕೀರ್ತಿ ಗದಗ ತಾಲ್ಲೂಕಿನ ಕಣಗಿನಹಾಳಕ್ಕೆ ಸಲ್ಲುತ್ತದೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮೇರೆಗೆ, 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಸ್ಥಾಪಿತವಾದ ಕೃಷಿ ಪತ್ತಿನ ಸಹಕಾರ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಪತ್ತು ಎಂಬ ಮಾತನ್ನು ವಾಚಕರು ಗಮನಿಸಬೇಕು. ಒಬ್ಬನಿಗೆ ಊರಿನಲ್ಲಿ ಇರುವ ನಂಬಿಕೆಯೂ ಪತ್ತೇ, ಆ ನಂಬಿಕೆಯ ಮೇಲೆ ದೊರೆಯುವ ಸಾಲವೂ ಪತ್ತೇ. ಆ ಕಾಯಿದೆಯು ಹಳ್ಳಿಯ ಸಂಘಗಳಿಗೆ ಅಮಿತ ಹೊಣೆಯನ್ನು ವಿಧಿಸಿತ್ತು. ಎಂದರೆ, ಒಬ್ಬ ಸದಸ್ಯನು ಸಾಲ ತೀರಿಸದಿದ್ದರೆ ಉಳಿದವರೆಲ್ಲರೂ ತಮ್ಮ ಆಸ್ತಿಯಿಂದ ತೆರಬೇಕು. ಆದುದರಿಂದ ನೆರೆಯವನ ಸಾಲದ ವಿಷಯ ತಿಳಿಯುವುದಕ್ಕೆ ಸದಸ್ಯನಿಗೆ ನ್ಯಾಯವಾದ ಕಾರಣವಿತ್ತು. ಆತನ ವಿಷಯ ತಿಳಿಯುವುದಕ್ಕೆ ನೆರೆಯವನಿಗೂ ಅಷ್ಟೇ ಕಾರಣವಿತ್ತು. ಕೇಳುವವನೂ ಹೊಣೆ ಹೊತ್ತಿದ್ದನು ಎಂಬುದೇ ಇಲ್ಲಿ ಮುಖ್ಯ.

ಊರು ದೊಡ್ಡದಾಗಿ, ಸಾಲಗಾರನ ಮುಖವನ್ನೇ ನೋಡದವನು ಸಾಲ ಕೊಡುವ ಕಾಲ ಬಂದಾಗ ಪತ್ತನ್ನು ವಿಚಾರಿಸುವುದೇ ಒಂದು ಉದ್ಯಮವಾಯಿತು. 1841ರಲ್ಲಿ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟ್ಯಾಪನ್ ಎಂಬಾತನು ದೂರದ ಊರುಗಳ ವರ್ತಕರ ಯೋಗ್ಯತೆಯನ್ನು ಬಾತ್ಮೀದಾರರಿಂದ ತರಿಸಿ, ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟು, ಕೇಳಿದವರಿಗೆ ಹಣಕ್ಕೆ ತಿಳಿಸುವ ಕಚೇರಿಯನ್ನು ತೆರೆದನು. 1899ರಲ್ಲಿ ಅಟ್ಲಾಂಟ ನಗರದಲ್ಲಿ ಹುಟ್ಟಿದ ರಿಟೇಲ್ ಕ್ರೆಡಿಟ್ ಕಂಪನಿಯು ಸಾಮಾನ್ಯ ಸಂಸಾರಸ್ಥರ ವಿಷಯವಾಗಿಯೂ ಕಡತಗಳನ್ನು ಇಡತೊಡಗಿತು. ಅವುಗಳಲ್ಲಿ ಸಾಲದ ಲೆಕ್ಕವಷ್ಟೇ ಅಲ್ಲದೆ ಕುಡಿತ, ಸಂಸಾರ, ನಡತೆಗಳ ಬಗ್ಗೆ ನೆರೆಹೊರೆಯವರು ಆಡಿದ ಮಾತುಗಳೂ ಸೇರಿದವು. ಕಡತದಲ್ಲಿ ಏನಿದೆಯೆಂದು ನೋಡುವ ಹಕ್ಕು ಅಲ್ಲಿಯ ಜನರಿಗೆ ಕಾನೂನಿನಿಂದ ದೊರೆತುದು 1970ರಲ್ಲಿ. ಕಣಗಿನಹಾಳದಲ್ಲಿ ಎರಡೂ ಕಡೆಗೆ ಹರಿಯುತ್ತಿದ್ದ ತಿಳಿವಳಿಕೆ ಇಲ್ಲಿ ಒಂದೇ ಕಡೆಗೆ ಹರಿಯಿತು. ಕಡತವು ಸಾಲಗಾರನನ್ನು ಬಲ್ಲದು, ಸಾಲಗಾರನು ಕಡತವನ್ನು ಅರಿಯನು.

ಅಂಕದಿಂದ ಅಳೆಯುವ ವಿಧಾನ ಬಂದುದು ಇದರ ಅನಂತರ. ಬಿಲ್ ಫೇರ್ ಎಂಬ ಇಂಜಿನಿಯರು ಮತ್ತು ಅರ್ಲ್ ಐಸಾಕ್ ಎಂಬ ಗಣಿತಜ್ಞರು 1956ರಲ್ಲಿ ಒಂದು ಸಂಸ್ಥೆಯನ್ನು ಕಟ್ಟಿ, ಹಿಂದಿನ ಸಾಲಗಾರರ ಲೆಕ್ಕಗಳಿಂದ ಮುಂದಿನ ಸಾಲಗಾರನ ನಡವಳಿಕೆಯನ್ನು ಗಣಿಸುವ ಮಾರ್ಗವನ್ನು ಬಳಕೆಗೆ ತಂದರು. ನಮ್ಮ ದೇಶದಲ್ಲಿ ಸಿಬಿಲ್ ಸಂಸ್ಥೆ ಸ್ಥಾಪಿತವಾದುದು 2000ದಲ್ಲಿ. ಇಂಥ ಸಂಸ್ಥೆಗಳನ್ನು ಕಟ್ಟಳೆಗೆ ಒಳಪಡಿಸುವ ಕಾಯಿದೆ ಆದುದು 2005ರಲ್ಲಿ. ಈಗ ಇಂಥ ನಾಲ್ಕು ಸಂಸ್ಥೆಗಳುಂಟು. ಇವು ಒಬ್ಬೊಬ್ಬ ಸಾಲಗಾರನಿಗೂ 300ರಿಂದ 900ರ ವರೆಗಿನ ಒಂದು ಅಂಕವನ್ನು ಕೊಡುತ್ತವೆ. ಕಂತುಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟಿದನೆ, ದೊರೆತ ಮಿತಿಯಲ್ಲಿ ಎಷ್ಟು ಭಾಗವನ್ನು ಬಳಸಿದನು, ಎಷ್ಟು ವರ್ಷಗಳಿಂದ ಸಾಲದ ವ್ಯವಹಾರ ನಡೆಸಿದ್ದಾನೆ, ಈಚೆಗೆ ಎಷ್ಟು ಕಡೆ ಸಾಲ ಕೇಳಿದನು, ಇವೇ ಅಂಕದ ಮುಖ್ಯ ಆಧಾರಗಳು.

ಅಂಕದ ಪದ್ಧತಿಯನ್ನು ನಾವು ನಿಂದಿಸುವುದಿಲ್ಲ. ಹೊಲವಿಲ್ಲದವನಿಗೆ, ಜಾಮೀನು ನಿಲ್ಲುವ ನೆಂಟರಿಲ್ಲದವನಿಗೆ, ಊರ ಗೌಡರ ಪರಿಚಯವಿಲ್ಲದವನಿಗೆ ತನ್ನ ಪ್ರಾಮಾಣಿಕತೆಯನ್ನು ತೋರಿಸಲು ಇದೊಂದು ಸಾಧನ. ಬೆಟಗೇರಿಯ ನೇಕಾರನ ಮಗಳು ಹೊತ್ತಿಗೆ ಸರಿಯಾಗಿ ಕಂತು ಕಟ್ಟಿದರೆ ಆ ಸಂಗತಿ ದಾಖಲೆಯಲ್ಲಿ ನಿಲ್ಲುತ್ತದೆ; ಜಾತಿಯಾಗಲಿ ಕೇರಿಯಾಗಲಿ ಅದನ್ನು ಅಳಿಸಲಾರದು. ಆದರೆ ಈ ಅಂಕಕ್ಕೆ ಬೇಕಾದುದು ಸಾಲದ ಲೆಕ್ಕ. ಮೊಬೈಲಿನಲ್ಲಿರುವ ಚಿತ್ರಗಳೂ ಗೆಳೆಯರ ನಂಬರುಗಳೂ ಅದಕ್ಕೆ ಬೇಕಾಗಿಲ್ಲ.

ಮೂವತ್ತೊಂದು ಪ್ರಶ್ನೆಗಳು

ಈಗ ಅಳತೆಯ ವಿಷಯಕ್ಕೆ ಬರೋಣ. ಜನ್ಮದಿನಾಂಕ ಹೇಳಿದರೆ ಏನಾದೀತು, ಪಿನ್ ಕೋಡ್ ಹೇಳಿದರೆ ಏನಾದೀತು ಎಂದು ಹಲವರು ಕೇಳುತ್ತಾರೆ. ಒಂದೊಂದನ್ನೇ ನೋಡಿದರೆ ಏನೂ ಆಗದು. ಕೂಡಿಸಿದಾಗ ಆಗುವುದನ್ನು ಲೆಕ್ಕ ಹಾಕಿ ನೋಡಬೇಕು.

1948ರಲ್ಲಿ ಕ್ಲಾಡ್ ಷ್ಯಾನನ್ ಎಂಬ ಅಮೇರಿಕದ ಗಣಿತಜ್ಞನು ಮಾಹಿತಿಯನ್ನು ಅಳೆಯುವ ಶಾಸ್ತ್ರಕ್ಕೆ ತಳಹದಿ ಹಾಕಿದನು. ಅದರ ಮಾನಕ್ಕೆ ಬಿಟ್ ಎಂದು ಹೆಸರು. ಹೌದು ಅಥವಾ ಅಲ್ಲ ಎಂಬ ಎರಡು ಸಮಸಂಭವ ಉತ್ತರಗಳಲ್ಲಿ ಒಂದನ್ನು ತಿಳಿದರೆ ದೊರೆಯುವ ಮಾಹಿತಿಯೇ ಒಂದು ಬಿಟ್. ಜಾಣತನದಿಂದ ಆರಿಸಿದ ಇಂಥ ಒಂದು ಪ್ರಶ್ನೆ ಸಂಶಯದ ಗುಂಪನ್ನು ಅರ್ಧಕ್ಕೆ ಇಳಿಸುತ್ತದೆ. ಎರಡು ಪ್ರಶ್ನೆಗಳು ಕಾಲು ಭಾಗಕ್ಕೆ, ಹತ್ತು ಪ್ರಶ್ನೆಗಳು 1,024ರಲ್ಲಿ ಒಂದು ಭಾಗಕ್ಕೆ ಇಳಿಸುತ್ತವೆ. ಎರಡನ್ನು ಮೂವತ್ತು ಸಲ ಗುಣಿಸಿದರೆ 107 ಕೋಟಿಯನ್ನು ದಾಟುತ್ತದೆ, ಮೂವತ್ತೊಂದು ಸಲ ಗುಣಿಸಿದರೆ 214 ಕೋಟಿಯನ್ನು. ಭಾರತದ ಜನಸಂಖ್ಯೆ 140 ಕೋಟಿಗೆ ಮೇಲಿದ್ದು ಇವೆರಡರ ನಡುವೆ ಬೀಳುತ್ತದೆ. ಆದುದರಿಂದ ಇಡೀ ದೇಶದಲ್ಲಿ ಒಬ್ಬನೇ ಒಬ್ಬನನ್ನು ಬೆರಳಿಟ್ಟು ತೋರಿಸಲು ಮೂವತ್ತೊಂದು ಪ್ರಶ್ನೆಗಳು ಸಾಕು!

ನಮ್ಮ ಸಾಧಾರಣ ವಿವರಗಳಲ್ಲಿ ಎಷ್ಟೆಷ್ಟು ಬಿಟ್‌ಗಳು ಅಡಗಿವೆ ನೋಡೋಣ. ದೇಶದಲ್ಲಿ ಸುಮಾರು 19,000 ಪಿನ್ ಕೋಡುಗಳಿವೆ. ಎರಡನ್ನು ಹದಿನಾಲ್ಕು ಸಲ ಗುಣಿಸಿದರೆ 16,384. ಆದುದರಿಂದ 582120 ಎಂದು ಹೇಳಿ ಶಿರಹಟ್ಟಿಯನ್ನು ಸೂಚಿಸಿದವನು ಹದಿನಾಲ್ಕು ಬಿಟ್‌ಗಳಿಗಿಂತ ತುಸು ಹೆಚ್ಚನ್ನು ಕೊಟ್ಟಂತಾಯಿತು. ಗಂಡೋ ಹೆಣ್ಣೋ ಎಂಬುದು ಒಂದು ಬಿಟ್. ಜನ್ಮದಿನಾಂಕಕ್ಕೆ, ಎಂಬತ್ತು ವರ್ಷಗಳ ಆಯುಸ್ಸನ್ನು ಹಿಡಿದರೆ, 80 × 365, ಎಂದರೆ 29,200 ಸಾಧ್ಯತೆಗಳು; ಇದು ಹದಿನೈದು ಬಿಟ್‌ಗಳಿಗೆ ತುಸು ಕಡಿಮೆ. ಮೂರನ್ನೂ ಕೂಡಿಸಿದರೆ ಮೂವತ್ತು. ಮೂವತ್ತೊಂದರಲ್ಲಿ ಮೂವತ್ತು ಪ್ರಶ್ನೆಗಳಿಗೆ ನಾವು ಹೆಸರು ಹೇಳದೆಯೇ ಉತ್ತರ ಕೊಟ್ಟಾಯಿತು. ಹೆಸರಿನ ಮೊದಲಕ್ಷರವೊಂದು ಸೇರಿದರೆ ಮರೆಯೆಂಬುದು ಉಳಿಯದು.

ಇನ್ನೊಂದು ವಿಧದಿಂದಲೂ ಇದನ್ನು ಪರೀಕ್ಷಿಸಬಹುದು. ಇಪ್ಪತ್ತು ಸಾವಿರ ಜನರಿರುವ ಒಂದು ಪಟ್ಟಣಕ್ಕೆ ಒಂದೇ ಪಿನ್ ಕೋಡ್ ಇದೆಯೆಂದು ಭಾವಿಸಿರಿ. ಜನ್ಮದಿನಾಂಕ ಮತ್ತು ಲಿಂಗಗಳಿಂದ ಆಗುವ ಗೂಡುಗಳು 58,400. ಇಪ್ಪತ್ತು ಸಾವಿರ ಜನರನ್ನು ಈ ಗೂಡುಗಳಲ್ಲಿ ಮನಬಂದಂತೆ ಚೆಲ್ಲಿದರೆ, ಸಂಭವಗಣಿತದ ಪ್ರಕಾರ ನೂರಕ್ಕೆ ಸುಮಾರು ಎಪ್ಪತ್ತೊಂದು ಮಂದಿ ತಮ್ಮ ಗೂಡಿನಲ್ಲಿ ಒಬ್ಬರೇ ಇರುತ್ತಾರೆ. ನಿಜಸ್ಥಿತಿಯಲ್ಲಿ ಎಲ್ಲ ವಯಸ್ಸಿನವರೂ ಸಮಸಂಖ್ಯೆಯಲ್ಲಿ ಇರುವುದಿಲ್ಲವಾದುದರಿಂದ ಸಂಖ್ಯೆ ಸ್ವಲ್ಪ ಇಳಿಯುತ್ತದೆ. ನಮ್ಮ ಭಾಗದಲ್ಲಿ ಅದು ಇಳಿಯಲು ಮತ್ತೊಂದು ವಿನೋದದ ಕಾರಣವುಂಟು. ಹುಟ್ಟಿದ ತಾರೀಖು ತಿಳಿಯದ ಹಳ್ಳಿಯ ಮಕ್ಕಳಿಗೆ ಶಾಲೆಯ ಮಾಸ್ತರರು ಜೂನ್ 1 ಎಂದು ಬರೆದುಕೊಂಡುದರಿಂದ, ಹಿರಿಯ ತಲೆಮಾರಿನ ಎಷ್ಟೋ ಜನರು ಆ ಒಂದೇ ಗೂಡಿನಲ್ಲಿ ಸೇರಿಕೊಂಡಿದ್ದಾರೆ. ಮಾಸ್ತರರು ತಿಳಿಯದೆಯೇ ಅವರಿಗೊಂದು ಮರೆಯನ್ನು ಕಟ್ಟಿಕೊಟ್ಟರು! ಆಸ್ಪತ್ರೆಯಲ್ಲಿ ಹುಟ್ಟಿ, ಜನನಪತ್ರ ಪಡೆದ ಇಂದಿನ ವಿದ್ಯಾರ್ಥಿಗಳಿಗೆ ಆ ಮರೆ ಇಲ್ಲ.

ಇದು ಬರಿಯ ಕಾಗದದ ಲೆಕ್ಕವಲ್ಲ. ಅಮೇರಿಕದ ವಿಜ್ಞಾನಿ ಲತಾನ್ಯ ಸ್ವೀನಿ ಅವರು, ಹೆಸರು ತೆಗೆದು ಹಾಕಿದ ಆಸ್ಪತ್ರೆಯ ದಾಖಲೆಗಳನ್ನು ಮತದಾರರ ಪಟ್ಟಿಯೊಡನೆ ಹೊಂದಿಸಿ, ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರರದೇ ದಾಖಲೆಯನ್ನು ಗುರುತಿಸಿ ತೋರಿಸಿದರು. ಅಂಚೆ ಸಂಖ್ಯೆ, ಲಿಂಗ, ಜನ್ಮದಿನಾಂಕ ಈ ಮೂರರಿಂದಲೇ ಆ ದೇಶದ ನೂರಕ್ಕೆ 87 ಮಂದಿಯನ್ನು ಬೇರ್ಪಡಿಸಬಹುದೆಂದು 2000ದಲ್ಲಿ ಅವರು ಗಣಿಸಿದರು. 2006ರಲ್ಲಿ ಬೇರೊಬ್ಬರು ಹೊಸ ಜನಗಣತಿಯಿಂದ ಮಾಡಿದ ಗಣನೆಯಲ್ಲಿ ಈ ಸಂಖ್ಯೆ 63 ಎಂದು ಬಂತು. ಕಡಿಮೆಯ ಎಣಿಕೆಯನ್ನೇ ಒಪ್ಪಿದರೂ ಮೂವರಲ್ಲಿ ಸುಮಾರು ಇಬ್ಬರು ಸಿಕ್ಕಿಬೀಳುತ್ತಾರೆ.

ವ್ಯಾಪಾರಿಯ ಪಕ್ಷ

ವ್ಯಾಪಾರಿಯ ಪಕ್ಷದಲ್ಲಿ ಹೇಳಬೇಕಾದುದೂ ಉಂಟು. ಸರಕು ತರುವ ಹುಡುಗನಿಗೆ ಮನೆ ಸಿಗದಿದ್ದರೆ ಮೊಬೈಲ್ ಸಂಖ್ಯೆ ಬೇಕು. ಸುಳ್ಳು ಹೆಸರಿನಲ್ಲಿ ಸರಕು ತರಿಸಿ ಬೇಡವೆನ್ನುವವರು ಉಂಟು, ಬೇರೆಯವರ ಹೆಸರಿನಲ್ಲಿ ಸಾಲ ಎತ್ತುವವರೂ ಉಂಟು. ಸಾಲ ಕೊಡುವ ಬ್ಯಾಂಕು ಸಾಲಗಾರನ ಗುರುತನ್ನು ಖಚಿತಪಡಿಸಿಕೊಳ್ಳಲೇಬೇಕೆಂದು ಕಾನೂನೇ ಹೇಳುತ್ತದೆ. ಇವೆಲ್ಲ ನ್ಯಾಯವಾದ ಅಗತ್ಯಗಳು.

ಆದರೆ ಅಗತ್ಯವನ್ನು ಅಳೆದು ಕೇಳುವುದು ಸಾಧ್ಯ. ಸಾಲ ಪಡೆಯಲು ಹದಿನೆಂಟು ತುಂಬಿರಬೇಕು. 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತವಯಸ್ಕನ ಕರಾರು ಕರಾರೇ ಅಲ್ಲ. ವಯಸ್ಸು ಸಾಲದೆಂಬುದನ್ನು ತಿಳಿಯಲು ಬೇಕಾದುದು ಹದಿನೆಂಟು ತುಂಬಿದೆಯೆ ಎಂಬ ಪ್ರಶ್ನೆಗೆ ಉತ್ತರ, ಹೆಚ್ಚೆಂದರೆ ಒಂದು ಬಿಟ್. ಅದರ ಬದಲಾಗಿ ಜನ್ಮದಿನಾಂಕವನ್ನು ಕೇಳುವವನು ಹದಿನೈದು ಬಿಟ್‌ಗಳನ್ನು ತೆಗೆದುಕೊಳ್ಳುತ್ತಾನೆ. ಉಳಿದ ಹದಿನಾಲ್ಕು ಯಾರ ಕೆಲಸಕ್ಕೆ?

ಹೆಚ್ಚಿನದನ್ನು ಹೇಳದೆಯೇ ಬೇಕಾದುದನ್ನು ಮಾತ್ರ ಸಿದ್ಧಪಡಿಸಿ ತೋರಿಸುವ ಗಣಿತವೂ ಈಗ ಉಂಟು. ಗೋಲ್ಡ್‌ವಾಸರ್, ಮಿಕಾಲಿ, ರ‍್ಯಾಕಾಫ್ ಎಂಬ ಮೂವರು 1985ರಲ್ಲಿ ಪ್ರಕಟಿಸಿದ ವಿಚಾರದಿಂದ ಅದು ಬೆಳೆಯಿತು. ಪೆಟ್ಟಿಗೆಯ ಬೀಗದ ಕೈ ತನ್ನಲ್ಲಿದೆಯೆಂದು ಒಬ್ಬನು ನಂಬಿಸಬೇಕಾಗಿದೆ ಎನ್ನಿ. ಅವನು ಕೀಲಿಯನ್ನು ನಮ್ಮ ಕೈಗೆ ಕೊಡಬೇಕಾಗಿಲ್ಲ. ನಾವು ಒಂದು ಚೀಟಿಯನ್ನು ಒಳಗೆ ಹಾಕಿ ಬೀಗವೊತ್ತಿದ ಪೆಟ್ಟಿಗೆಯಿಂದ ಆ ಚೀಟಿಯನ್ನು ಅವನು ತೆಗೆದು ತಂದರೆ ಸಾಕು. ಇದೇ ಬಗೆಯಲ್ಲಿ, ಜನ್ಮದಿನಾಂಕವನ್ನು ತೋರಿಸದೆ ವಯಸ್ಸು ಸಾಕಾಗಿದೆಯೆಂದು ಗಣಕಯಂತ್ರಕ್ಕೆ ಸಿದ್ಧಪಡಿಸಿ ತೋರಿಸಬಹುದು. ಆಧಾರ್ ಸಂಖ್ಯೆಯ ಕಡೆಯ ನಾಲ್ಕು ಅಂಕಿಗಳನ್ನು ಮಾತ್ರ ಕಾಣಿಸುವ ಮರೆಮಾಡಿದ ಪ್ರತಿಯು ಇಂಥ ಮಿತವ್ಯಯಕ್ಕೆ ನಮ್ಮಲ್ಲಿಯೇ ಇರುವ ಒಂದು ಸರಳ ಉದಾಹರಣೆ.

ಮಿತವ್ಯಯವು ಏಕೆ ಬೇಕೆಂದರೆ, ಕೊಟ್ಟ ವಿವರವನ್ನು ತಿರುಗಿ ಪಡೆಯಲು ಬಾರದು. ನೀರಿಗೆ ಬಿದ್ದ ಮಸಿಯ ತೊಟ್ಟು ತಾನಾಗಿ ಮತ್ತೆ ತೊಟ್ಟಾಗುವುದಿಲ್ಲವೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಮುಂಚೆ ಹೇಳಿದ ಅಟ್ಲಾಂಟದ ಕಂಪನಿಯು 1975ರಲ್ಲಿ ಈಕ್ವಿಫ್ಯಾಕ್ಸ್ ಎಂದು ಹೆಸರು ಬದಲಾಯಿಸಿಕೊಂಡಿತು. 2017ರಲ್ಲಿ ಅದರ ಗಣಕಯಂತ್ರಗಳಿಂದ ಸುಮಾರು 14 ಕೋಟಿ 70 ಲಕ್ಷ ಜನರ ಹೆಸರು, ಜನ್ಮದಿನಾಂಕ, ಗುರುತಿನ ಸಂಖ್ಯೆ ಮೊದಲಾದ ವಿವರಗಳು ಕಳುವಾದವು. ಕಳ್ಳರು ಹೊಕ್ಕ ದೋಷವನ್ನು ಮುಚ್ಚುವ ವಿಧಾನವು ಮೊದಲೇ ಪ್ರಕಟವಾಗಿದ್ದರೂ ಅಲ್ಲಿ ಸಕಾಲದಲ್ಲಿ ಮುಚ್ಚಿರಲಿಲ್ಲ. ಗುಪ್ತಪದ ಕಳುವಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು. ಜನ್ಮದಿನ ಕಳುವಾದರೆ ಮತ್ತೊಮ್ಮೆ ಹುಟ್ಟಲು ಬರುವುದಿಲ್ಲ. ಯಾರ ಬಳಿಯಲ್ಲಿ ವಿವರವೇ ಇಲ್ಲವೋ ಅವರ ಬಳಿಯಿಂದ ಮಾತ್ರ ಅದು ಖಂಡಿತವಾಗಿ ಕಳುವಾಗದು.

ಕಟ್ಟಳೆಗಳು ಮತ್ತು ನಾವು

ನಮ್ಮ ದೇಶದ ಕಟ್ಟಳೆಗಳು ಈ ದಿಕ್ಕಿನಲ್ಲಿ ನಡೆದಿವೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಸಾಲದ ಆ್ಯಪ್‌ಗಳು ಮೊಬೈಲಿನಲ್ಲಿರುವ ನಂಬರುಗಳ ಪಟ್ಟಿಯನ್ನು ಎತ್ತಿಕೊಂಡು, ಕಂತು ತಪ್ಪಿದವನ ನೆಂಟರಿಗೂ ಗೆಳೆಯರಿಗೂ ಕರೆ ಮಾಡಿ ಮಾನ ಕಳೆದ ಸಂಗತಿಗಳು ದೇಶದಲ್ಲೆಲ್ಲ ಬೆಳಕಿಗೆ ಬಂದ ಮೇಲೆ, 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಅಂಥ ಆ್ಯಪ್‌ಗಳು ನಂಬರುಗಳ ಪಟ್ಟಿ, ಕರೆಗಳ ದಾಖಲೆ, ಕಡತ ಮತ್ತು ಚಿತ್ರಗಳನ್ನು ಮುಟ್ಟಕೂಡದೆಂದು ವಿಧಿಸಿತು. ಬಿಲ್ಲು ಮಾಡಲು ಮೊಬೈಲ್ ಸಂಖ್ಯೆ ಕೊಡಲೇಬೇಕೆಂದು ಅಂಗಡಿಗಳು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಲ್ಲಿ ಸೂಚಿಸಿತು.

ಅದೇ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂಗೀಕೃತವಾಯಿತು. ನಾವು ಮೇಲೆ ವಿವರಿಸಿದ ಅಳತೆಯ ತತ್ತ್ವ ಅದರಲ್ಲಿಯೂ ಇದೆ. ಒಂದು ಕೆಲಸಕ್ಕಾಗಿ ನಾವು ಕೊಟ್ಟ ಒಪ್ಪಿಗೆಯು ಆ ಕೆಲಸಕ್ಕೆ ಅಗತ್ಯವಾದ ವಿವರಗಳಿಗೆ ಮಾತ್ರ ಸಲ್ಲುತ್ತದೆ. ದೂರದಿಂದ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು ಮೊಬೈಲಿನ ನಂಬರುಗಳ ಪಟ್ಟಿಯನ್ನೂ ಕೇಳಿ, ಬಳಕೆದಾರಳು ಹೂಂ ಎಂದರೂ, ಆ ಪಟ್ಟಿಗೆ ಒಪ್ಪಿಗೆ ದೊರೆತಂತಾಗದೆಂದು ಕಾಯಿದೆಯೇ ದೃಷ್ಟಾಂತ ಕೊಡುತ್ತದೆ. ಹದಿನೆಂಟು ತುಂಬದವರ ವಿವರಗಳಿಗೆ ತಂದೆತಾಯಿಗಳ ಒಪ್ಪಿಗೆ ಬೇಕು. ಅವರ ಬೆನ್ನು ಹತ್ತಿ ಜಾಹೀರಾತು ತೋರಿಸಕೂಡದು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಕಟ್ಟಳೆಗಳು ಅಲ್ಲಿಂದ ಹದಿನೆಂಟು ತಿಂಗಳ ಅನಂತರ ಜಾರಿಗೆ ಬರತಕ್ಕವು.

ಆದರೆ ಕಾಯಿದೆಯು ದಿಲ್ಲಿಯಲ್ಲಿದ್ದು, ಒಪ್ಪಿಗೆಯ ಗುಂಡಿ ನಮ್ಮ ಬೆರಳಿನಡಿಯಲ್ಲಿದೆ. ವಿದ್ಯಾರ್ಥಿಗಳು ನಾಲ್ಕು ಸಂಗತಿಗಳನ್ನು ರೂಢಿಸಿಕೊಳ್ಳಬೇಕೆಂದು ನಮ್ಮ ಸಲಹೆ. ಮೊದಲನೆಯದಾಗಿ, ಫಾರಮಿನ ಒಂದೊಂದು ಮನೆಯ ಎದುರಿಗೂ ಇದು ಯಾವ ಕೆಲಸಕ್ಕೆ ಎಂದು ಕೇಳಿಕೊಳ್ಳಿರಿ. ವಿಳಾಸವು ಸರಕು ತಲುಪಿಸಲು, ಜನ್ಮದಿನಾಂಕವು ಯಾವುದಕ್ಕೆ? ಉತ್ತರ ದೊರೆಯದಿದ್ದರೆ, ಕಡ್ಡಾಯವಲ್ಲದ ಆ ಮನೆಯನ್ನು ಬರಿದಾಗಿ ಬಿಡಿರಿ. ಕಡ್ಡಾಯವೆಂದರೆ ಬೇರೆ ಅಂಗಡಿಯನ್ನು ನೋಡಿರಿ.

ಎರಡನೆಯದಾಗಿ, ಕೊಳ್ಳುವುದನ್ನೂ ಸಾಲವನ್ನೂ ಬೇರೆ ಬೇರೆಯಾಗಿ ಇಡಿರಿ. ಈಗ ಕೊಂಡು ಆಮೇಲೆ ಕೊಡಿರಿ ಎಂಬ ಆಮಿಷವು ಬೆಲೆಯ ಪಕ್ಕದಲ್ಲಿಯೇ ಇರುವುದರಿಂದ ಅದು ಸಾಲವೆಂಬುದು ಮರೆತುಹೋಗುತ್ತದೆ. ಬ್ಯಾಂಕೋ ನೋಂದಾಯಿತ ಹಣಕಾಸು ಸಂಸ್ಥೆಯೋ ಕೊಟ್ಟ ಸಾಲದ ಕಂತು ತಪ್ಪಿದರೆ, ಅದು ಒಂದು ಜೊತೆ ಬೂಟಿನದಾದರೂ ದಾಖಲೆಯಲ್ಲಿ ಸೇರುತ್ತದೆ. ನಾಳೆ ಇಂಜಿನಿಯರಿಂಗ್ ಓದಲು ಸಾಲ ಕೇಳಿದಾಗ ಬ್ಯಾಂಕಿನವರು ತೆರೆದು ನೋಡುವುದು ಅದೇ ದಾಖಲೆಯನ್ನು.

ಮೂರನೆಯದಾಗಿ, ನಿಮ್ಮ ಕಡತವನ್ನು ನೀವೇ ನೋಡಿರಿ. ಸಾಲದ ಮಾಹಿತಿ ಸಂಸ್ಥೆಗಳು ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕಿನ ಆಜ್ಞೆ 2017ರಿಂದ ನಡೆದುಬಂದಿದೆ. ತಾನೇ ತನ್ನ ವರದಿಯನ್ನು ನೋಡುವುದರಿಂದ ಅಂಕ ಕುಗ್ಗುವುದಿಲ್ಲ. ತಪ್ಪು ಕಂಡು ದೂರು ಕೊಟ್ಟಲ್ಲಿ ಮೂವತ್ತು ದಿನಗಳೊಳಗೆ ಪರಿಹಾರವಾಗಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿಗಳಂತೆ ಪರಿಹಾರಧನ ಸಲ್ಲಬೇಕೆಂಬ ನಿಯಮವನ್ನು 2023ರ ಅಕ್ಟೋಬರಿನಲ್ಲಿ ಹೊರಡಿಸಲಾಯಿತು. ಮನೆಯ ಹಿರಿಯರಿಗೆ ಇದು ತಿಳಿಯದಿರಬಹುದು. ತಂದೆಯವರ ಅಥವಾ ತಾಯಿಯವರ ವರದಿಯನ್ನು ಅವರೊಡನೆ ಕುಳಿತು ತೆಗೆದು, ಓದಿ ಹೇಳುವುದು ಕಾಲೇಜಿಗೆ ಹೋಗುವ ಮಕ್ಕಳು ಮಾಡಬಹುದಾದ ಒಳ್ಳೆಯ ಕೆಲಸ.

ನಾಲ್ಕನೆಯದಾಗಿ, ಬೇರೆಯವರ ವಿವರವನ್ನು ನಿಮ್ಮದೆಂಬಂತೆ ಕೊಡಬೇಡಿರಿ. ಮೊಬೈಲಿನ ನಂಬರುಗಳ ಪಟ್ಟಿಯಲ್ಲಿರುವವು ನಿಮ್ಮ ನಂಬರುಗಳಲ್ಲ; ಅವು ಅತ್ತೆಯವು, ಸೋದರಮಾವನವು, ಗುರುಗಳವು, ಗೆಳತಿಯರವು. ಅವರಾರೂ ನಿಮ್ಮ ಬೂಟಿನ ವ್ಯಾಪಾರಕ್ಕೆ ಜಾಮೀನು ನಿಂತಿಲ್ಲ. ಕಣಗಿನಹಾಳದ ಸಂಘದಲ್ಲಿ ಇನ್ನೊಬ್ಬರ ಸಾಲಕ್ಕೆ ಹೊಣೆಯಾದವರು ತಿಳಿದು, ಒಪ್ಪಿ, ಸದಸ್ಯರಾಗಿದ್ದರು. ಕೇಳದೆಯೇ ಯಾರನ್ನಾದರೂ ಹೊಣೆಗಾರರನ್ನಾಗಿ ಮಾಡುವುದು ಪತ್ತೂ ಅಲ್ಲ, ಸಹಕಾರವೂ ಅಲ್ಲ.

ಇಷ್ಟರಿಂದ ದೂರದ ಅಂಗಡಿಗಳ ವ್ಯಾಪಾರ ನಿಲ್ಲುವುದಿಲ್ಲ, ನಿಲ್ಲಬೇಕಾದುದೂ ಇಲ್ಲ. ಗದಗಿನ ಪೇಟೆಯಲ್ಲಿ ಸಿಗದ ಪುಸ್ತಕ, ಉಪಕರಣಗಳು ಮುಂಡರಗಿಯ ವಿದ್ಯಾರ್ಥಿಯ ಮನೆ ಬಾಗಿಲಿಗೆ ಬರುವುದು ಸಂತೋಷದ ವಿಷಯ. ತಕ್ಕಡಿಯಲ್ಲಿ ಸರಕನ್ನು ತೂಗುವಾಗ ನಾವು ಮುಳ್ಳನ್ನು ನೋಡುತ್ತೇವೆ. ವಿವರಗಳನ್ನು ಕೊಡುವಾಗಲೂ ಹಾಗೆಯೇ ಮುಳ್ಳನ್ನು ನೋಡುವ ಅಭ್ಯಾಸವಾಗಲಿ. ಮುಂದಿನ ಸಲ ಇಂಥ ಫಾರಮು ಎದುರಿಗೆ ಬಂದಾಗ, ತುಂಬುವ ಮುನ್ನ ಕಾಗದ ಪೆನ್ಸಿಲು ತೆಗೆದುಕೊಂಡು, ಅದು ಕೇಳುವ ಬಿಟ್‌ಗಳೆಷ್ಟು, ಕೆಲಸಕ್ಕೆ ಬೇಕಾದುವೆಷ್ಟು ಎಂದು ಕೂಡಿಸಿ ನೋಡಿರಿ. ಲೆಕ್ಕವು ಹೈಸ್ಕೂಲಿನ ಗಣಿತಕ್ಕಿಂತ ಕಠಿಣವಾದುದೇನಲ್ಲ.